ಹೊಲಿಗೆ ಬೀಳುವ ಮುಂಚೆ

ಜನವರಿ 5, ಸೋಮವಾರ

ಧನುರ್ಮಾಸ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಗೋಡೌನಿನಲ್ಲಿ ಕುರ್ಚಿಗಳು ಸೂರು ಮುಟ್ಟುವಂತೆ ಪೇರಿಸಿ ನಿಂತಿವೆ. ಶಾಮಿಯಾನದ ಬಟ್ಟೆಗಳು ಮಡಿಕೆಯಲ್ಲೇ ಮುಗ್ಗಲು ವಾಸನೆ ಹಿಡಿಯುತ್ತಿವೆ. ಕೆಂಗೇರಿಯಲ್ಲಿ ಅಪ್ಪ ಇಟ್ಟ ಅಂಗಡಿ ಇದು. ಈ ತಿಂಗಳು ಬಂತೆಂದರೆ ಅವರು ಕಂಬಗಳಿಗೆಲ್ಲ ಬಣ್ಣ ಬಳಿಸುತ್ತಿದ್ದರು. ನಾನು ಬೆಳಗಿನಿಂದ ಅಂಗಡಿಗೂ ಮನೆಗೂ ಸುಮ್ಮನೆ ಓಡಾಡಿದ್ದೇ ಬಂತು. ಕೂತರೂ ಅದೇ ಯೋಚನೆ, ನಿಂತರೂ ಅದೇ.

ಆಸ್ಪತ್ರೆಯ ಕೌನ್ಸೆಲರಮ್ಮ ಹೇಳಿದ್ದರು: “ಮನಸ್ಸಲ್ಲಿರೋದನ್ನ ಬಾಯ್ಬಿಟ್ಟು ಹೇಳೋಕಾಗ್ದಿದ್ರೆ ಬರೀರಿ ಸಾರ್. ಯಾರಿಗೂ ತೋರ್ಸೋದು ಬೇಡ.” ಸರಿ, ಬರೆಯುತ್ತಿದ್ದೇನೆ.

ನನ್ನ ಹೆಂಡತಿ ತುಂಗಾ ತನ್ನ ಅಣ್ಣನಿಗೆ ಕಿಡ್ನಿ ಕೊಡುತ್ತಾಳಂತೆ. ಪರೀಕ್ಷೆಗಳೆಲ್ಲ ಮುಗಿದು ಹೊಂದಾಣಿಕೆಯೂ ಆಗಿದೆ. ಅವನ ಹೆಂಡತಿ ರಾಗಿಣಿಗೆ ಸಕ್ಕರೆ ಕಾಯಿಲೆ, ಕೊಡುವಂತಿಲ್ಲ. ತಂದೆ ತಾಯಿ ಇಬ್ಬರೂ ಇಲ್ಲ. ಉಳಿದವಳು ಇವಳೊಬ್ಬಳು. ಹತ್ತೊಂಬತ್ತನೇ ತಾರೀಕು ಆಸ್ಪತ್ರೆಯ ಕಮಿಟಿಯವರು ಇವಳನ್ನು ಕೂರಿಸಿಕೊಂಡು ಕೇಳುತ್ತಾರೆ, ಆಮೇಲೆ ನನ್ನನ್ನು ಬೇರೆಯಾಗಿ ಕೂರಿಸಿಕೊಂಡು ಕೇಳುತ್ತಾರೆ. ನಾನು ಒಪ್ಪದಿದ್ದರೆ ಆಪರೇಷನ್ ಮಾಡುವುದಿಲ್ಲವಂತೆ.

ತುಂಗಾಳಿಗೆ ನಾನು “ನಿನ್ನ ದೇಹ, ನಿನ್ನ ಇಷ್ಟ” ಅಂದಿದ್ದೇನೆ. ಬಾಯಿಮಾತು.

ಕೊಡುವುದು ಯಾರಿಗೆ ಅಂತಲಾದರೂ ನೋಡಬೇಡವೇ? ಆ ಮನುಷ್ಯ ನಮ್ಮ ಮದುವೆಗೆ ಬರಲಿಲ್ಲ. “ಶಾಮಿಯಾನ ಕಟ್ಟೋನ ಮನೆಗೆ ಹೋಗಿ ನನ್ನ ತಂಗಿ ಬಾಡಿಗೆ ಪಾತ್ರೆ ಎಣಿಸ್ಬೇಕಾ?” ಅಂದಿದ್ದನಂತೆ. ಎಂಟು ವರ್ಷದಲ್ಲಿ ಒಮ್ಮೆಯೂ ಈ ಮನೆಯ ಹೊಸಿಲು ತುಳಿದಿಲ್ಲ. ನಮ್ಮ ಮಗಳು ಬಿಂದುಶ್ರೀ ಹುಟ್ಟಿದಾಗಲೂ ಬರಲಿಲ್ಲ. ಬಸವೇಶ್ವರನಗರದಿಂದ ಕೆಂಗೇರಿಗೆ ಬರಲು ಏಳು ಸಮುದ್ರ ದಾಟಬೇಕಿತ್ತೇ?

ಶುಕ್ರವಾರ ನಾವಿಬ್ಬರೇ ಮೈಸೂರಿಗೆ ಹೋಗುತ್ತಿದ್ದೇವೆ. ‘ಏಳನೇ ಕ್ರಾಸ್’ ಬ್ಯಾಂಡಿನ ಶೋ. ಆ ಹುಡುಗರು ರಾಜಾಜಿನಗರದ ಗಣೇಶನ ಪೆಂಡಾಲಿನಲ್ಲಿ ಮೊದಲ ಸಲ ಹಾಡಿದಾಗ ಪೆಂಡಾಲು ನಮ್ಮದು. ಮುಂದಿನ ಸಾಲಿನಲ್ಲಿ ಕುರ್ಚಿ ಹತ್ತಿ ನಿಂತು ಕಿರುಚುತ್ತಿದ್ದವಳು ತುಂಗಾ. “ಕುರ್ಚಿ ಮುರಿಯತ್ತೆ, ಇಳೀರೀ” ಅಂತ ಗದರಿದ್ದೇ ನಾನು ಅವಳಿಗೆ ಆಡಿದ ಮೊದಲ ಮಾತು. ನಡುವೆ ಬ್ಯಾಂಡು ಒಡೆದುಹೋಗಿ, ಈಗ ಮತ್ತೆ ಒಂದಾಗಿದ್ದಾರೆ.

“ಬೆಂಗಳೂರಿನ ಶೋ ಮಾರ್ಚಲ್ಲಂತೆ ಕಣೋ. ಅಷ್ಟೊತ್ತಿಗೆ ನನ್ನ ಹೊಟ್ಟೆ ಮೇಲೆ ಹೊಲಿಗೆ ಇರತ್ತೆ, ಕುಣಿಯೋಕಾಗಲ್ಲ. ಮೈಸೂರಿಗೇ ಹೋಗೋಣ,” ಅಂತ ಟಿಕೆಟ್ ತೆಗೆದವಳು ಅವಳೇ. ಹೊಲಿಗೆ ಅನ್ನುವ ಮಾತನ್ನು ಅವಳು ರವಿಕೆ ಹೊಲಿಗೆಯೇನೋ ಅನ್ನುವ ಹಾಗೆ ಆಡುತ್ತಾಳೆ.

ನನ್ನ ಲೆಕ್ಕಾಚಾರವೇ ಬೇರೆ. ಮೈಸೂರಿನಲ್ಲಿ ನಾವಿಬ್ಬರೇ ಇರುತ್ತೇವೆ. ಅಲ್ಲಿ ಹೇಳಿಬಿಡುತ್ತೇನೆ, ಬೇಡ ಅಂತ.

ಜನವರಿ 7, ಬುಧವಾರ

ಅಮ್ಮ ನನ್ನ ಪರ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡು, ತಲೆಯೆತ್ತದೆ ಅಂದಳು: “ಕೊಡೋಳು ಅವ್ಳು, ಕುಯ್ಯಿಸ್ಕಳೋಳು ಅವ್ಳು. ನೀನ್ಯಾಕ್ಲಾ ಕಾಲು ಸುಟ್ಟ ಬೆಕ್ಕಿನಂಗೆ ಓಡಾಡ್ತೀಯ?”

“ಅವನು ನಮ್ಮನ್ನ ಯಾವತ್ತಾದ್ರೂ ಮನುಷ್ಯರು ಅಂತ ನೋಡಿದ್ನಾ ಅಮ್ಮಾ?”

“ನೋಡ್ನಿಲ್ಲ. ಅದ್ಕೆ ಸಾಯ್ಲಿ ಅಂತೀಯ?”

ಹಾಗೆ ನಾನೆಲ್ಲಿ ಅಂದೆ? ನಮ್ಮಮ್ಮ ಹನುಮಕ್ಕನ ಹತ್ತಿರ ವಾದ ಮಾಡಿ ಗೆದ್ದವರು ಕೆಂಗೇರಿಯಲ್ಲಿ ಯಾರೂ ಇಲ್ಲ. ಬಿಂದುವನ್ನು ಎರಡು ದಿನ ನೋಡಿಕೊಳ್ಳುತ್ತೀಯಾ ಅಂತ ಮಾತ್ರ ಕೇಳಿ ಎದ್ದು ಬಂದೆ.

ಜನವರಿ 9, ಶುಕ್ರವಾರ, ಮೈಸೂರು

ಕೆಂಗೇರಿಯಲ್ಲಿ ರೈಲು ಹತ್ತಿದೆವು. ಕಿಟಕಿ ಪಕ್ಕ ಕೂತ ತುಂಗಾ ಮೊಬೈಲಿನಲ್ಲಿ ಬ್ಯಾಂಡಿನ ಹಳೇ ಹಾಡು ಹಾಕಿ ಒಂದು ಇಯರ್‌ಫೋನ್ ನನಗೆ ಕೊಟ್ಟಳು. ಬಿಡದಿ ದಾಟಿದ ಮೇಲೆ ಹೇಳೋಣ ಅಂದುಕೊಂಡೆ. ಬಿಡದಿ ದಾಟಿತು. ಚನ್ನಪಟ್ಟಣದಲ್ಲಿ ಕಡಲೆಕಾಯಿಯವನು ಬಂದ. ಮಂಡ್ಯದಲ್ಲಿ ಎದುರಿನ ಸೀಟಿಗೆ ಒಂದು ಸಂಸಾರವೇ ಬಂದು ಕೂತಿತು. ನಾನು ಬಾಗಿಲ ಹತ್ತಿರ ಹೋಗಿ ನಿಂತೆ, ಬಂದೆ, ಮತ್ತೆ ಹೋದೆ.

“ಯಾಕೋ, ಸೀಟಲ್ಲಿ ಮುಳ್ಳಿದ್ಯಾ?” ಅಂದಳು.

ಲಾಡ್ಜಿನ ಫ್ಯಾನ್ ಸದ್ದು ಮಾಡುತ್ತದೆ, ಬೆಡ್‌ಶೀಟಿಗೆ ಫಿನಾಯಿಲ್ ವಾಸನೆ ಅಂತೆಲ್ಲ ಮ್ಯಾನೇಜರ್ ಹತ್ತಿರ ಜಗಳವಾಡಿ ರೂಮು ಬದಲಾಯಿಸಿದೆ. ಹೊಸ ರೂಮಿನ ಫ್ಯಾನ್ ಇನ್ನೂ ಜೋರು ಸದ್ದು ಮಾಡುತ್ತದೆ. ತುಂಗಾ ನಗುತ್ತಲೇ ಇದ್ದಳು. ಇವಳಿಗೆ ಭಯ ಅನ್ನುವುದೇ ಇಲ್ಲವೇ? ಅಥವಾ ನನ್ನಿಂದ ಬಚ್ಚಿಡುತ್ತಿದ್ದಾಳಾ? ಸೀರೆ ಬದಲಾಯಿಸುವಾಗ ಅವಳ ಎಡಗಡೆಯ ಪಕ್ಕೆ ಕಂಡಿತು. ಅಲ್ಲೇ ಕುಯ್ಯುವುದಂತೆ. ಸಿಗರೇಟು ತರುತ್ತೇನೆ ಅಂತ ಹೊರಗೆ ಬಂದೆ. ಸಿಗರೇಟು ಬಿಟ್ಟು ನಾಲ್ಕು ವರ್ಷವಾಗಿದೆ, ಅದು ಅವಳಿಗೂ ಗೊತ್ತು.

ಜನವರಿ 10, ಶನಿವಾರ

ಹೇಳಿದೆ. ಹೇಳಬಾರದ ಹಾಗೆ ಹೇಳಿದೆ.

ಹೋಟೆಲಿನಲ್ಲಿ ದೋಸೆ ಮುಂದಿಟ್ಟುಕೊಂಡು ಕೂತಿದ್ದೆವು. “ಹೇಳು,” ಅಂದಳು. “ನಿನ್ನೆಯಿಂದ ಬಾಯಲ್ಲಿ ಇಟ್ಕೊಂಡು ಓಡಾಡ್ತಾ ಇದೀಯ.”

“ಅವನಿಗೇ ಯಾಕೆ?”

“ಅವನಿಗೇ ಕಿಡ್ನಿ ಹೋಗಿರೋದು.”

“ತಮಾಷೆ ಬೇಡ ಕಣೇ. ನಮ್ಮ ಮದುವೆ ದಿನ ನೀನು ಬಾಗಿಲು ನೋಡ್ಕೊಂಡೇ ತಾಳಿ ಕಟ್ಟಿಸ್ಕೊಂಡೆ. ನಾನು ಮರ್ತಿಲ್ಲ.”

ಅವಳು ಚಟ್ನಿಯಲ್ಲಿ ಬೆರಳಾಡಿಸಿದಳು. “ನಾನೂ ಮರ್ತಿಲ್ಲ. ಅವನ ಮೇಲೆ ನಂಗಿರೋ ಸಿಟ್ಟು ನಿಂಗಿಲ್ಲ, ನೀನು ಹೊರಗಿನೋನು. ಆದ್ರೆ ಅವನು ಇಲ್ದೇ ಹೋದ್ರೆ ಈ ಸಿಟ್ಟನ್ನ ನಾನು ಯಾರ ಹತ್ರ ಇಟ್ಕೊಂಡು ಕೂರ್ಲಿ? ಒಳ್ಳೇವ್ರಿಗೆ ಮಾತ್ರ ಕೊಡೋದು ಅಂದ್ರೆ ಯಾರೂ ಯಾರಿಗೂ ಕೊಡೋ ಹಾಗಿಲ್ಲ.”

“ನಿಂಗೇನಾದ್ರೂ ಆದ್ರೆ? ಬಿಂದು ಗತಿ ಏನು?”

“ಡಾಕ್ಟ್ರು ಹೇಳಿದಾರಲ್ಲ, ನೀನೂ ಕೇಳಿಸ್ಕೊಂಡೆ.”

“ನಾನು ಕಮಿಟಿ ಮುಂದೆ ಒಪ್ಪಲ್ಲ ಅಂದ್ರೆ?”

ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ನನ್ನ ದನಿ ಅಷ್ಟು ಏರಿತ್ತು.

“ಅಂದ್ರೆ ಆಪರೇಷನ್ ಆಗಲ್ಲ,” ಅಂದಳು. “ಅಷ್ಟೇ.” ಎದ್ದು ಕೈ ತೊಳೆಯಲು ಹೋದಳು. ದೋಸೆ ಅರ್ಧ ಹಾಗೇ ಇತ್ತು.

ಈಗ ಅವಳು ಸ್ನಾನಕ್ಕೆ ಹೋಗಿದ್ದಾಳೆ. ಶೋಗೆ ಹೋಗುವುದೋ ಇಲ್ಲವೋ ಇಬ್ಬರೂ ಮಾತಾಡಿಲ್ಲ. ಹಾಸಿಗೆಯ ಮೇಲೆ ಅವಳ ಹಳದಿ ಕುರ್ತಾ ಇಸ್ತ್ರಿಯಾಗಿ ಕೂತಿದೆ.

ಜನವರಿ 11, ಭಾನುವಾರ, ವಾಪಸು ಬಂದ ಮೇಲೆ

ನಿನ್ನೆ ಸಂಜೆಯದನ್ನು ಬರೆಯಬೇಕು. ಬರೆಯದಿದ್ದರೆ ತಲೆಯಲ್ಲೇ ಗಿರಗಿರ ತಿರುಗುತ್ತಿರುತ್ತದೆ.

ಹೋದೆವು. ಆಟೋದಲ್ಲಿ ಅವಳೊಂದು ಕಡೆ ನೋಡುತ್ತ, ನಾನೊಂದು ಕಡೆ. ಊರಾಚೆಯ ಮೈದಾನ. ಸ್ಟೇಜ್ ನೋಡಿದ ಕೂಡಲೇ ನನ್ನ ಕಣ್ಣು ಕಂಬಗಳ ಮೇಲೆ ಹೋಯಿತು. ಎಡಗಡೆ ಸ್ಪೀಕರ್ ನಿಲ್ಲಿಸಿದ್ದ ಕಬ್ಬಿಣದ ಚೌಕಟ್ಟು ನೆಟ್ಟಗಿಲ್ಲ ಅನ್ನಿಸಿತು. ಅಲ್ಲಿದ್ದ ವಾಲಂಟಿಯರ್ ಹುಡುಗಿಗೆ ಹೇಳಿದೆ. “ಅಂಕಲ್, ಪ್ಲೀಸ್, ಆ ಕಡೆ ನಿಂತ್ಕೊಳ್ಳಿ” ಅಂದಳು. ಆಮೇಲೆ ಹತ್ತಿರ ಹೋಗಿ ನೋಡಿದರೆ ನೆಟ್ಟಗೇ ಇತ್ತು. ಓರೆಯಾಗಿದ್ದದ್ದು ನೆಲ.

ಹಾಡು ಶುರುವಾಯಿತು. ಹಾಡುವವನ ಗಡ್ಡ ನೆರೆತಿದೆ, ಹೊಟ್ಟೆ ಬಂದಿದೆ, ದನಿ ಮಾತ್ರ ಅದೇ. ಎರಡನೇ ಹಾಡಿಗೆ ತುಂಗಾ ಚಪ್ಪಲಿ ಬಿಚ್ಚಿ ಬ್ಯಾಗಿಗೆ ತುರುಕಿ ಬ್ಯಾಗನ್ನು ನನ್ನ ಕೈಗೆ ಕೊಟ್ಟಳು. ಅದೊಂದೇ ಮಾತುಕತೆ. ಕುಣಿಯತೊಡಗಿದಳು. ಸುತ್ತ ಇದ್ದ ಕಾಲೇಜು ಹುಡುಗಿಯರು ಅವಳಿಗೆ ಜಾಗ ಬಿಟ್ಟುಕೊಟ್ಟರು. ನಾನು ಬ್ಯಾಗು ಹಿಡಿದು, ಅವಳು ಒಂದೊಂದು ಸಲ ನೆಗೆದಾಗಲೂ ಅವಳ ಪಕ್ಕೆಯನ್ನೇ ನೋಡುತ್ತಿದ್ದೆ.

ಆಗ ಫೋನು ಬಂತು. ಗೊತ್ತಿಲ್ಲದ ನಂಬರು. ಸಂಕ್ರಾಂತಿಯ ನಂತರದ ಬುಕಿಂಗ್ ಇರಬೇಕೆಂದು ಮೈದಾನದ ಗೇಟಿನಾಚೆ ಬಂದು ಎತ್ತಿದೆ.

“ಭೈರೇಶ್ ಅವ್ರಾ? ನಾನು ಶ್ರೀರಾಮ್.”

ಯಾವ ಶ್ರೀರಾಮ್ ಅಂತ ಕೇಳಿಬಿಟ್ಟೆ. “ತುಂಗಾ ಅಣ್ಣ.”

ನಾನು ಗೋಡೆಗೆ ಒರಗಿ ನಿಂತೆ.

“ರಾಗಿಣಿಗೆ ಗೊತ್ತಿಲ್ಲ ನಾನು ಫೋನ್ ಮಾಡ್ತಿರೋದು. ಒಂದು ಉಪಕಾರ ಆಗ್ಬೇಕು ನಿಮ್ಮಿಂದ,” ಅಂದರು. ದನಿ ತುಂಬ ಸಣ್ಣದಾಗಿತ್ತು. “ಕಮಿಟೀಲಿ ನೀವು ಬೇಡ ಅಂದ್ಬಿಡಿ. ನಾನು ಹೇಳಿದ್ರೆ ಅವಳು ಕೇಳಲ್ಲ. ನೀವು ಬೇಡ ಅಂದ್ರೆ ಯಾರೂ ನಿಮ್ಮನ್ನ ತಪ್ಪು ತಿಳ್ಕೊಳಲ್ಲ. ನಾನು ನಿಮಗೆ ಮಾಡಿರೋದಕ್ಕೆ ನೀವು ಒಪ್ಪಬೇಕು ಅಂತಾನೂ ಇಲ್ಲ. ನಂಗೆ ಡಯಾಲಿಸಿಸ್ ಅಭ್ಯಾಸ ಆಗಿದೆ. ನಡೆಯುತ್ತೆ.”

ನನಗೆ ಬೇಕಾಗಿದ್ದದ್ದು ಇದೇ ಅಲ್ಲವೇ? ಆ ಮನುಷ್ಯನ ಬಾಯಿಂದಲೇ ಬಂತು. ‘ಆಯ್ತು’ ಅನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೈದಾನದಲ್ಲಿ ಜನ ಹೋ ಅಂತ ಕೂಗಿದರು. ಬಸ್‌ಸ್ಟಾಪಿನ ಹಾಡು ಶುರುವಾಯಿತು, ಎಲ್ಲರೂ ಕಾಯುತ್ತಿದ್ದ ಹಾಡು.

“ಅದು... ಏಳನೇ ಕ್ರಾಸ್ ತಾನೇ?” ಅಂದರು ಶ್ರೀರಾಮ್.

“ಹೌದು. ಮೈಸೂರಿಗೆ ಬಂದಿದೀವಿ.”

“ಗಣೇಶನ ಪೆಂಡಾಲಿಗೆ ಅವಳನ್ನ ಕರ್ಕೊಂಡು ಹೋಗಿದ್ದು ನಾನೇ. ಅಪ್ಪ ಬೇಡ ಅಂದಿದ್ರು, ಕದ್ದು ಕರ್ಕೊಂಡು ಹೋಗಿದ್ದೆ.” ಆಮೇಲೆ, “ಒಂಚೂರು ಹೊತ್ತು ಫೋನ್ ಹಾಗೇ ಹಿಡ್ಕೊಳ್ತೀರಾ? ತೊಂದ್ರೆ ಇಲ್ದಿದ್ರೆ,” ಅಂದರು.

ಹಿಡಿದೆ. ಗೇಟಿನ ಹತ್ತಿರ ಹೋಗಿ ಕೈ ಮೇಲೆತ್ತಿ ಹಿಡಿದೆ. ಉದ್ದದ ಹಾಡು ಅದು. ಕೈ ನೋಯತೊಡಗಿತು, ಇನ್ನೊಂದು ಕೈಗೆ ಬದಲಾಯಿಸಿದೆ. ಸೆಕ್ಯುರಿಟಿಯವನು ಯಾರೋ ಹುಚ್ಚ ಅನ್ನುವಂತೆ ನೋಡುತ್ತಿದ್ದ. ಯಾಕೆ ಹಿಡಿದೆ ಅಂತ ಈಗಲೂ ನನಗೆ ತಿಳಿಯದು. ಕೇಳಿಕೊಂಡರು, ಹಿಡಿದೆ.

ಹಾಡು ಮುಗಿದ ಮೇಲೆ ಕಿವಿಗಿಟ್ಟು, “ಆ ವಿಷ್ಯ ನಂಗೂ ತುಂಗಂಗೂ ಬಿಡಿ,” ಅಂದೆ. ಅವರು ಫೋನಿಟ್ಟರು.

ಒಳಗೆ ಹೋದರೆ ತುಂಗಾ ಬೆವರಿನಲ್ಲಿ ತೊಯ್ದು ನಿಂತಿದ್ದಳು. “ಎಲ್ಲೋ ಹೋಗಿದ್ದೆ? ನಮ್ಮ ಹಾಡೇ ತಪ್ಪಿಸ್ಕೊಂಡ್ಯಲ್ಲೋ!”

“ಗಿರಾಕಿ ಫೋನು.”

ಅವಳ ಮುಖ ಇಳಿಯಿತು. ನಿಜ ಹೇಳಿದರೆ ನಾನು ಗೆದ್ದ ಹಾಗೆ: ನೋಡು, ನಿನ್ನಣ್ಣನಿಗೇ ಬೇಡವಂತೆ. ಹಾಗೆ ಗೆಲ್ಲಲು ಮನಸ್ಸಿರಲಿಲ್ಲ. ಆದರೆ ಹೇಳದೆ ಇರುವುದೂ ಮೋಸವೇ. ಅವರಿಗೆ ಬೇಡ ಅನ್ನುವುದು ಅವಳಿಗೆ ತಿಳಿಯಬೇಕಲ್ಲ.

ಇವತ್ತು ರೈಲಿನಲ್ಲಿ ಮದ್ದೂರು ಬಿಟ್ಟ ಮೇಲೆ ಎಲ್ಲವನ್ನೂ ಹೇಳಿದೆ. ಅವಳು ಕಿಟಕಿಯಾಚೆ ನೋಡುತ್ತ ಕೇಳಿದಳು. ಕೊನೆಗೆ ಕಣ್ಣೊರೆಸಿಕೊಂಡು, “ನಂಗೂ ಹೇಳಿದಾನೆ. ಫೋನ್ ಮಾಡ್ದಾಗೆಲ್ಲ ಬೇಡ ಅಂತಾನೆ,” ಅಂದಳು. “ನಮ್ಮಪ್ಪನೂ ಹಾಗೇ. ಎರಡು ಸಲ ಬಲವಂತ ಮಾಡದೆ ಒಂದು ಲೋಟ ಕಾಫಿ ಕುಡೀತಿರ್ಲಿಲ್ಲ. ಡಾಕ್ಟ್ರು ಅಣ್ಣನ್ನ ಒಬ್ಬನ್ನೇ ಕೂರಿಸ್ಕೊಂಡು ಕೇಳಿದಾಗ ‘ಬದುಕ್ಬೇಕು’ ಅಂದನಂತೆ. ಹೆದರಿಕೆ ಕಣೋ ಅವನಿಗೆ. ನಂಗೇನಾದ್ರೂ ಆದ್ರೆ ನಿನ್ನ ಮುಖ ಹೇಗೆ ನೋಡೋದು ಅಂತ.”

“ನನ್ನ ಮುಖಾನಾ?”

“ಹೂಂ. ನಿಂದೇ.”

ಕೆಂಗೇರಿಯಲ್ಲಿ ಇಳಿಯುವಾಗ ಅವಳು ಎತ್ತಿಕೊಂಡಿದ್ದ ಬ್ಯಾಗನ್ನು ಕಿತ್ತುಕೊಂಡೆ. “ಈಗ್ಲೇ ಶುರು ಮಾಡಿದ್ಯಾ?” ಅಂದಳು. ಏನು ಶುರು ಮಾಡಿದೆ? ಭಾರವಾಗಿತ್ತು, ತೆಗೆದುಕೊಂಡೆ.

ಜನವರಿ 15, ಗುರುವಾರ

ಸಂಕ್ರಾಂತಿ. ಎಳ್ಳು ಬೀರಲು ತುಂಗಾ, ಬಿಂದು ಇಬ್ಬರನ್ನೂ ಬಸವೇಶ್ವರನಗರಕ್ಕೆ ಕರೆದುಕೊಂಡು ಹೋದೆ. ನಾನು ಕೆಳಗೇ ಸ್ಕೂಟರಿನ ಹತ್ತಿರ ಇರುತ್ತೇನೆ ಅಂದಿದ್ದೆ. ಬೀದಿಯ ತುದಿಯ ತನಕ ನಡೆದೆ, ವಾಪಸು ಬಂದೆ, ಮತ್ತೆ ನಡೆದೆ. ಆಮೇಲೆ ಬಿಂದು ಬಾಲ್ಕನಿಯಿಂದ, “ಅಪ್ಪಾ, ಮಾವ ಕರೀತಿದಾರೆ!” ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಹೋಗಲೇಬೇಕಾಯಿತು.

ಶ್ರೀರಾಮ್ ಇಷ್ಟು ಸಣ್ಣಗಾಗಿದ್ದಾರೆಂದು ಗೊತ್ತಿರಲಿಲ್ಲ. ಅಂಗಿ ಹ್ಯಾಂಗರಿಗೆ ಹಾಕಿದಂತಿದೆ. ಎಳ್ಳು, ಕೊಬ್ಬರಿ, ಬೆಲ್ಲ ಯಾವುದೂ ತಿನ್ನುವಂತಿಲ್ಲ. ಬಿಂದು ಕೊಟ್ಟ ಸಕ್ಕರೆ ಅಚ್ಚಿನ ಗಿಣಿಯಲ್ಲಿ ಮೂಗಿನ ತುದಿ ಮಾತ್ರ ಮುರಿದು ಬಾಯಿಗೆ ಹಾಕಿಕೊಂಡರು. ರಾಗಿಣಿಯವರು ನನಗೆ ದೊಡ್ಡ ಲೋಟದಲ್ಲಿ ಕಾಫಿ ಕೊಟ್ಟರು. ಶ್ರೀರಾಮ್‌ಗೆ ನೀರನ್ನೂ ಅಳೆದು ಕೊಡುವುದಂತೆ. ಎದುರಿಗೆ ಕೂತು ಕುಡಿಯಲಾಗದೆ ಲೋಟ ಹಿಡಿದು ಬಾಲ್ಕನಿಗೆ ಹೋದೆ.

ಅವರೂ ಮೆಲ್ಲಗೆ ಎದ್ದು ಬಂದು ನಿಂತರು. “ಆವತ್ತು ನೀವು ಫೋನ್ ಕಟ್ ಮಾಡ್ಲಿಲ್ಲ.”

“ಮರ್ತೆ,” ಅಂದೆ.

“ಅಂಗಡಿ ಹೇಗಿದೆ?”

“ಇವತ್ತಿಂದ ಸೀಸನ್ನು. ಪರವಾಗಿಲ್ಲ.”

ಬಿಸಿಲಿತ್ತು. ಅವರಿಗೊಂದು ಕುರ್ಚಿ ತಂದು ಹಾಕಿದೆ.

ಜನವರಿ 19, ಸೋಮವಾರ

ಕಮಿಟಿ. ಮೇಜಿನಾಚೆ ನಾಲ್ಕು ಜನ, ಒಂದು ಕ್ಯಾಮೆರಾ.

“ನಿಮ್ಮ ಹೆಂಡತಿ ಮೇಲೆ ಯಾರಾದ್ರೂ ಒತ್ತಡ ಹಾಕಿದಾರಾ?”

“ಹಾಕಿದಾರೆ ಸಾರ್.”

ನಾಲ್ವರೂ ತಲೆಯೆತ್ತಿದರು. “ಯಾರು?”

“ನಾನು ಸಾರ್. ಕೊಡಬೇಡ ಅಂತ. ಭಾವನೂ ಬೇಡ ಬೇಡ ಅಂತಾನೇ ಹೇಳ್ತಿದ್ರು. ಕೊಡು ಅಂತ ಯಾರೂ ಹೇಳಿಲ್ಲ. ಅವಳೇ ನಿಂತಿದಾಳೆ.”

ಹಿರಿಯ ಡಾಕ್ಟರಮ್ಮ ಕನ್ನಡಕ ತೆಗೆದು ನೋಡಿದರು. “ಈಗ ನೀವೇನಂತೀರಿ?”

“ಭಯ ಆಗತ್ತೆ ಮೇಡಂ.”

“ಅದು ಇರ್ಲಿ. ಒಪ್ಪಿಗೆ ಇದೆಯಾ?”

“ಇದೆ.”

ಹೊರಗೆ ತುಂಗಾ ಬೆಂಚಿನ ಮೇಲೆ ಬೆರಳು ಹೆಣೆದುಕೊಂಡು ಕೂತಿದ್ದಳು. ಏನು ಹೇಳಿದೆ ಅಂತ ಕೇಳಲಿಲ್ಲ. ಕ್ಯಾಂಟೀನಿನಲ್ಲಿ ಎರಡು ಪ್ಲೇಟ್ ಇಡ್ಲಿ ತಿಂದಳು.

ಫೆಬ್ರವರಿ 3, ಮಂಗಳವಾರ

ಮಹಾಲಕ್ಷ್ಮಿ ಲೇಔಟಿಗೆ ಹೋಗಬೇಕಿದ್ದ ಕುರ್ಚಿಗಳನ್ನು ಹೊಸಹಳ್ಳಿಗೆ ಕಳಿಸಿಬಿಟ್ಟೆ. ಮದುವೆ ಮನೆಯವರು ಬೈದರು. ಬೈಯಲಿ.

ಭಾವನಿಗೆ ನಿನ್ನೆಯಿಂದ ಸಣ್ಣಗೆ ಜ್ವರ. ಹೆಚ್ಚಾದರೆ ಆಪರೇಷನ್ ಮುಂದಕ್ಕೆ ಹಾಕುತ್ತಾರಂತೆ. ಬೆಳಗಿನಿಂದ ರಾಗಿಣಿಯವರಿಗೆ ಫೋನ್ ಮಾಡಿ ಮಾಡಿ ಕೇಳುತ್ತಿದ್ದೇನೆ. ಈಗ ಇಳಿದಿದೆಯಂತೆ. ಸಂಜೆ ಮತ್ತೆ ಕೇಳಬೇಕು.

ಫೆಬ್ರವರಿ 12, ಗುರುವಾರ, ಆಸ್ಪತ್ರೆ

ಬೆಳಿಗ್ಗೆ ತುಂಗಾಳನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲ ಹತ್ತಿರ ಸ್ಟ್ರೆಚರ್ ನಿಲ್ಲಿಸಿ ನನ್ನನ್ನು ಕರೆದಳು. ಏನೋ ದೊಡ್ಡ ಮಾತು ಹೇಳುತ್ತಾಳೆಂದು ಬಗ್ಗಿದೆ. “ಬಿಂದು ಡಬ್ಬಿಗೆ ಉಪ್ಪಿಟ್ಟು ಹಾಕ್ಬೇಡಿ ಅಂತ ಅತ್ತೆಗೆ ಹೇಳು. ತಿನ್ನಲ್ಲ ಅವಳು.” ಬಾಗಿಲು ಮುಚ್ಚಿತು.

ಆಮೇಲೆ ಭಾವನನ್ನು ತಂದರು. ನನ್ನನ್ನು ನೋಡಿ ಕೈ ಎತ್ತಿದರು. ಹಿಡಿದುಕೊಂಡೆ. ತಣ್ಣಗಿತ್ತು. “ಹೋಗಿ ಬನ್ನಿ,” ಅಂದೆ.

ರಾಗಿಣಿಯವರು ಒಂದೇ ಕಡೆ ಕಣ್ಣು ಮುಚ್ಚಿ ಕೂತಿದ್ದರು. ನಾನು ಕ್ಯಾಂಟೀನು, ಮೆಟ್ಟಿಲು, ಔಷಧಿ ಅಂಗಡಿ, ಮತ್ತೆ ಕ್ಯಾಂಟೀನು. ಮಧ್ಯಾಹ್ನ ತುಂಗಾಳನ್ನು ವಾರ್ಡಿಗೆ ತಂದು, ಐದು ನಿಮಿಷ ನೋಡಬಹುದು ಅಂದರು. ತುಟಿ ಒಣಗಿ ಬಿಳಿಚಿತ್ತು. ಕಣ್ಣು ಅರ್ಧ ತೆರೆದಳು.

“ಅಣ್ಣಂಗೆ ಉಚ್ಚೆ ಬಂತಾ?”

ಇವಳು ವಿಜಯನಗರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಟೀಚರ್. ಆ ಮಾತು ಆಡಿದರೆ ಬಿಂದುವಿನ ತೊಡೆ ಚಿವುಟುವವಳು. ಆದರೆ ಡಾಕ್ಟರ್ ನಮಗೆಲ್ಲ ಅದನ್ನೇ ಹೇಳಿದ್ದರು: ಹೊಸ ಕಿಡ್ನಿ ಕೂತು ಕೆಲಸ ಶುರು ಮಾಡಿತು ಅನ್ನುವುದಕ್ಕೆ ಮೊದಲ ಗುರುತು ಮೂತ್ರ.

“ನೋಡ್ಕೊಂಡು ಬರ್ತೀನಿ, ಇರು.”

ರಾಗಿಣಿಯವರನ್ನು ಕರೆದೆ. “ನಂಗೆ ಕಾಲೇ ಬರ್ತಿಲ್ಲ. ನೀವೇ ಹೋಗಿ ಬನ್ನಿ,” ಅಂದರು. ಮೇಲಿನ ಮಹಡಿಗೆ ಹೋದೆ. ಐಸಿಯು ಒಳಗೆ ಬಿಡುವುದಿಲ್ಲ. ಗಾಜಿನಾಚೆಯಿಂದ ಸಿಸ್ಟರಿಗೆ ಕೈಸನ್ನೆ ಮಾಡಿದೆ. ಆಕೆಗೆ ಅರ್ಥವಾಯಿತು, ನನ್ನಂಥವರನ್ನು ದಿನಾ ನೋಡುತ್ತಾಳೇನೋ. ಮಂಚದ ಪಕ್ಕಕ್ಕೆ ಬಗ್ಗಿ, ನೇತುಹಾಕಿದ್ದ ಚೀಲವನ್ನು ತೋರಿಸಿದಳು. ತಿಳಿ ಹಳದಿ, ಅರ್ಧದ ಹತ್ತಿರ. ಇನ್ನೊಂದು ಸಲ ತೋರಿಸಿ ಅಂತ ಕೈ ಮುಗಿದೆ. ನಗುತ್ತಾ ತೋರಿಸಿದಳು. ಭಾವ ನಿದ್ದೆಯಲ್ಲಿದ್ದರು.

ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಓಡಿದೆ. “ಬಂತು ಕಣೇ!”

“ಎಷ್ಟು?” ಅಂದಳು, ಕಣ್ಣು ಮುಚ್ಚಿಕೊಂಡೇ.

“ಅರ್ಧ ಚೀಲ.”

ಮುಖದಲ್ಲಿ ಏನೋ ಸಡಿಲವಾಯಿತು. ನಿದ್ದೆ ಹೋದಳು.

ಹೊರಗೆ ಬಂದು ರಾಗಿಣಿಯವರಿಗೆ ಹೇಳಿದೆ. ಅವರು ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದರು. ನಾನು ಅಲ್ಲೇ ನಿಂತು ಕೆಂಗೇರಿಗೆ ಫೋನ್ ಮಾಡಿದೆ. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಅದಕ್ಕೇ ಕೂಗಬೇಕಾಯಿತು.

“ಅಮ್ಮಾ, ಉಚ್ಚೆ ಬಂತು ಕಣಮ್ಮಾ! ಉಚ್ಚೆ! ಹೂಂ, ಚೆನ್ನಾಗಿ ಬಂತು!”

ಫೋನಿಟ್ಟು ನೋಡಿದರೆ ಕಾರಿಡಾರಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಎದುರು ಬೆಂಚಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡಿದ್ದ ಮುದುಕರೊಬ್ಬರು ನಕ್ಕು, “ಒಳ್ಳೇದಾಯ್ತು ಬುಡಪ್ಪ,” ಅಂದರು. “ಯಾರು, ನಿಮ್ಮಣ್ಣನಾ?”

ಹೂಂ ಅಂದೆ.